ಹಳೆಯ ಪಟ, ಹಿರಿಯರ ಮಾತು: ಕಾಸರಗೋಡಿನ ಮನೆಗೆ ಕ್ಯಾನನ್ ಲೈಡ್ 300 ಸ್ಕ್ಯಾನರ್, ಗೂಗಲ್ ಫೋಟೋಸ್ಕ್ಯಾನ್ ಆ್ಯಪ್ ಎಷ್ಟು ಒದಗುತ್ತವೆ?

ಕಪಾಟಿನಲ್ಲಿರುವ ಹಳೆಯ ಪಟಗಳನ್ನು ಸ್ಕ್ಯಾನ್ ಮಾಡಿ ಇಡಬೇಕು, ಹಿರಿಯರು ಇರುವಾಗಲೇ ಅವುಗಳ ಹಿಂದಿನ ಕಥೆ ಕೇಳಿ ದಾಖಲಿಸಬೇಕು ಎಂದು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಂತ್ರ ಕೊಳ್ಳಬೇಕೇ, ಫೋನು ಸಾಕೇ? ಈ ವಿಮರ್ಶೆಗೆ ಎರಡನ್ನು ಆರಿಸಿಕೊಂಡಿದ್ದೇವೆ. ಒಂದು, ಕ್ಯಾನನ್ ಕಂಪನಿಯ ಕ್ಯಾನೋಸ್ಕ್ಯಾನ್ ಲೈಡ್ 300 ಎಂಬ ಎ4 ಅಳತೆಯ ಚಪ್ಪಟೆ ಸ್ಕ್ಯಾನರ್. ಬೆಲೆ ಸುಮಾರು ಐದಾರು ಸಾವಿರ ರೂಪಾಯಿ. ಇನ್ನೊಂದು, ಗೂಗಲ್ 2016ರ ನವೆಂಬರಿನಲ್ಲಿ ಹೊರತಂದ ಉಚಿತ ಆ್ಯಪ್ ಫೋಟೋಸ್ಕ್ಯಾನ್.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಬಿಡಿ ಪಟಗಳಿಗೆ, ಅಂದರೆ ಆಲ್ಬಮ್ಮಿನಿಂದ ಕೈಗೆ ಬರುವ ಕಾಗದದ ಪ್ರಿಂಟುಗಳಿಗೆ, ಲೈಡ್ 300 ಧಾರಾಳ ಸಾಕು. ಗೋಡೆಯ ಮೇಲಿನ ಗಾಜಿನ ಪಟ, ನೆಂಟರ ಮನೆಯಲ್ಲಿ ಅರ್ಧ ಗಂಟೆಗೆ ಮಾತ್ರ ನೋಡಲು ಸಿಕ್ಕ ಆಲ್ಬಮ್, ಇವಕ್ಕೆ ಫೋಟೋಸ್ಕ್ಯಾನ್. ಫಿಲ್ಮ್ ನೆಗೆಟಿವಿಗೆ ಇವೆರಡೂ ಅಲ್ಲ. ಆದರೆ ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಈ ಎರಡರಲ್ಲಿ ಯಾವುದೂ ಯಾರನ್ನೂ ಮಾತಾಡಿಸುವುದಿಲ್ಲ. ಮಾತಾಡಿಸುವುದು ಕೈಯಲ್ಲಿ ಹಿಡಿದ ಕಾಗದದ ಪಟ. ಹಾಗಾಗಿ ಮೊದಲು ಮಾತು, ಆಮೇಲೆ ಸ್ಕ್ಯಾನ್. ಈ ಕ್ರಮ ತಲೆಕೆಳಗಾದ ಮನೆಗಳಲ್ಲಿ ಕೊನೆಗೆ ಉಳಿಯುವುದು ಹೆಸರಿಲ್ಲದ ಮುಖಗಳಿರುವ ಹಾರ್ಡ್ ಡಿಸ್ಕ್ ಮಾತ್ರ.

ಮಾತು ಮೊದಲು ಏಕೆ

ಪಟ ಎದುರಿಗಿದ್ದರೆ ನೆನಪು ಬೇರೆ ರೀತಿಯಲ್ಲಿ ಹೊರಬರುತ್ತದೆ ಎನ್ನುವುದು ಬರಿಯ ಅನಿಸಿಕೆಯಲ್ಲ. ಅಮೆರಿಕದ ಛಾಯಾಗ್ರಾಹಕ, ಸಂಶೋಧಕ ಜಾನ್ ಕೋಲಿಯರ್ ಕೆನಡಾದ ಪೂರ್ವ ಕರಾವಳಿಯ ಕುಟುಂಬಗಳ ಜತೆ ಪಟ ಇಟ್ಟುಕೊಂಡು ಒಂದು ರೀತಿ, ಪಟವಿಲ್ಲದೆ ಇನ್ನೊಂದು ರೀತಿ ಸಂದರ್ಶನ ಮಾಡಿ ಹೋಲಿಸಿ, 1957ರಲ್ಲಿ ಅದನ್ನು ಪ್ರಕಟಿಸಿದರು. ಪಟ ಮುಂದಿದ್ದಾಗ ಜನ ಬೇಗ ದಣಿಯಲಿಲ್ಲ, ಹೇಳಿದ್ದನ್ನೇ ಹೇಳಲಿಲ್ಲ, ಮಾತು ಹೆಚ್ಚು ಖಚಿತವಾಗಿತ್ತು. ಮನೆಯಲ್ಲೂ ಹೀಗೆಯೇ. "ನಿಮ್ಮ ಕಾಲದ ಕಥೆ ಹೇಳಿ ಅಜ್ಜೀ" ಎಂದರೆ "ಎಂತ ಕಥೆ, ಎಂತದೂ ಇಲ್ಲ" ಎಂಬ ಉತ್ತರ ಬರುತ್ತದೆ. ಅದೇ ಅಜ್ಜಿಯ ಕೈಗೆ ಅಂಗಳದಲ್ಲಿ ತೆಗೆಸಿದ ಗುಂಪಿನ ಪಟ ಕೊಟ್ಟರೆ, ಹಿಂದೆ ಕಾಣುವ ಅಡಿಕೆ ರಾಶಿಯಿಂದ ಆ ವರ್ಷದ ಫಸಲಿಗೆ, ಅಲ್ಲಿಂದ ಸಾಲಕ್ಕೆ, ಸಾಲದಿಂದ ಮದುವೆಗೆ ಮಾತು ತಾನಾಗಿ ಹೋಗುತ್ತದೆ.

ಯಾವ ಪಟ ಆರಿಸಬೇಕು ಎನ್ನುವುದಕ್ಕೂ ಒಂದು ಆಧಾರವಿದೆ. ಇಳಿವಯಸ್ಸಿನವರಿಗೆ ಅತಿ ಹೆಚ್ಚು ನೆನಪುಳಿಯುವುದು ತಮ್ಮ ಹತ್ತರಿಂದ ಮೂವತ್ತರ ಪ್ರಾಯದ ನಡುವಿನ ಸಂಗತಿಗಳು. ಇದನ್ನು ಮನೋವಿಜ್ಞಾನಿಗಳು ಮತ್ತೆ ಮತ್ತೆ ಕಂಡಿದ್ದಾರೆ. ಈಗ 85ರ ಅಜ್ಜಿಗೆ ಮೊಮ್ಮಗನ ಉಪನಯನದ ಬಣ್ಣದ ಪಟಕ್ಕಿಂತ 1950–60ರ ದಶಕದ ಕಪ್ಪುಬಿಳುಪು ಪಟ ಹೆಚ್ಚು ಮಾತು ತರಿಸುತ್ತದೆ. ಒಂದು ಕೂರುವಿಕೆಗೆ ಹತ್ತು ಹನ್ನೆರಡು ಪಟ ಸಾಕು, ಮುಕ್ಕಾಲು ಗಂಟೆ ಮೀರಬಾರದು. ಆಲ್ಬಮ್ ಪೂರ್ತಿ ಮುಂದಿಟ್ಟರೆ ಪುಟ ತಿರುಗಿಸುವುದೇ ಕೆಲಸವಾಗಿ, ಒಂದು ಪಟದ ಮೇಲೂ ಮಾತು ನಿಲ್ಲುವುದಿಲ್ಲ.

ಪಟ ತೀರಾ ಚಿಕ್ಕದಿದ್ದರೆ, ಅಥವಾ ಕಣ್ಣಿಗೆ ಪೊರೆ ಬಂದಿದ್ದರೆ, ಆ ಹತ್ತನ್ನು ಮಾತ್ರ ಮೊದಲು ಫೋಟೋಸ್ಕ್ಯಾನಿನಲ್ಲಿ ತೆಗೆದು ಎ4 ಕಾಗದದ ಮೇಲೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಮಾತು ಮೊದಲು ಎಂಬ ನಿಯಮಕ್ಕೆ ಇದೊಂದು ವಿನಾಯಿತಿ. ಫೋನಿನ ಪರದೆಯಲ್ಲಿ ತೋರಿಸಬೇಡಿ. ಪರದೆಗೆ ಬೆರಳು ತಾಗಿದರೆ ಪಟ ಸರಿದುಹೋಗುತ್ತದೆ, ನಡುವೆ ಸಂದೇಶ ಬರುತ್ತದೆ, ಹಿಡಿದವರು ಹೆದರಿ ಫೋನನ್ನು ವಾಪಸು ಕೊಡುತ್ತಾರೆ. ಬೆಳಕು ಹಿರಿಯರ ಹೆಗಲ ಹಿಂದಿನಿಂದ ಪಟದ ಮೇಲೆ ಬೀಳಲಿ. ಕಿಟಕಿಗೆ ಎದುರಾಗಿ ಕೂರಿಸಿದರೆ ಕಣ್ಣು ಕುಕ್ಕುತ್ತದೆ.

ಪ್ರಶ್ನೆಯ ಕ್ರಮವೂ ಮುಖ್ಯ. "ಇವರು ಯಾರು?" ಎಂದು ಶುರು ಮಾಡಿದರೆ ಅದು ಪರೀಕ್ಷೆಯಾಗುತ್ತದೆ. ಹೆಸರು ನೆನಪಾಗದಿದ್ದರೆ ಹಿರಿಯರು ನೊಂದು ಸುಮ್ಮನಾಗುತ್ತಾರೆ. ಮರೆವಿನ ಕಾಯಿಲೆ ಇರುವವರ ಹತ್ತಿರವಂತೂ ಈ ಪ್ರಶ್ನೆ ಕೇಳಲೇಬಾರದು. "ಇದು ಎಲ್ಲಿ ತೆಗೆದದ್ದು? ಯಾರ ಮನೆಯ ಅಂಗಳ?" ಎಂದು ಜಾಗದಿಂದ ಶುರುಮಾಡಿ. ಆಮೇಲೆ "ಅವತ್ತು ಊಟಕ್ಕೆ ಎಂತ ಇತ್ತು?", "ಈ ಸೀರೆ ಯಾರು ತಂದದ್ದು?", "ಪಟ ತೆಗೆದವರು ಯಾರು?", "ಮನೆಯವರಲ್ಲಿ ಈ ಪಟದಲ್ಲಿ ಇಲ್ಲದವರು ಯಾರು, ಯಾಕೆ ಇಲ್ಲ?" ಕೊನೆಯ ಪ್ರಶ್ನೆಯಷ್ಟು ಫಲ ಕೊಡುವುದು ಬೇರೆ ಯಾವುದೂ ಇಲ್ಲ. ದೂರವಾದ ತಮ್ಮ, ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಹೋದ ಮಗ, ಹೆರಿಗೆಗೆ ಹೋಗಿ ಮರಳದ ಸೊಸೆ, ಇವರೆಲ್ಲ ಪಟದ ಹೊರಗೇ ನಿಂತಿರುತ್ತಾರೆ.

ಗುಂಪಿನ ಪಟಕ್ಕೆ ಬೆಣ್ಣೆ ಕಾಗದ ಬಳಸಿ. ಅಂಗಡಿಯಲ್ಲಿ ಬಟರ್ ಪೇಪರ್ ಎಂದು ಕೇಳಿದರೆ ಸಿಗುತ್ತದೆ. ಪಟದ ನಕಲು ಪ್ರಿಂಟಿನ ಮೇಲೆ ಅದನ್ನಿಟ್ಟು, ತಲೆಗಳ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಎಡದಿಂದ ಬಲಕ್ಕೆ, ಹಿಂದಿನ ಸಾಲಿನಿಂದ ಮುಂದಕ್ಕೆ ಸಂಖ್ಯೆ ಹಾಕಿ. "ಮೂರನೇ ಸಾಲಿನಲ್ಲಿ ಎರಡನೆಯವರು" ಎನ್ನುವ ಗೊಂದಲವಿಲ್ಲದೆ "ಹದಿನಾಲ್ಕು" ಎಂದರೆ ಮುಗಿಯಿತು. ಮೂಲ ಪಟದ ಮೇಲೆ ಇಟ್ಟು ಬರೆಯಬೇಡಿ, ಪೆನ್ಸಿಲಿನ ಒತ್ತು ಅಚ್ಚಾಗಿ ಉಳಿಯುತ್ತದೆ.

ಧ್ವನಿಮುದ್ರಣಕ್ಕೆ ಫೋನಿನ ರೆಕಾರ್ಡರ್ ಸಾಕು. ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕ್ ಇದ್ದರೆ ಒಳ್ಳೆಯದು. ಸೀಲಿಂಗ್ ಫ್ಯಾನ್ ನಿಲ್ಲಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಪ್ರತಿ ಪಟ ಎತ್ತಿಕೊಂಡಾಗ "ಏಳನೇ ಪಟ" ಎಂದು ನೀವೇ ಗಟ್ಟಿಯಾಗಿ ಹೇಳಿ. ಈ ಎರಡು ಶಬ್ದ ಇಲ್ಲದ ರೆಕಾರ್ಡಿಂಗಿನಲ್ಲಿ ಯಾವ ಮಾತು ಯಾವ ಪಟದ್ದೆಂದು ಆರು ತಿಂಗಳ ಮೇಲೆ ಯಾರಿಗೂ ತಿಳಿಯುವುದಿಲ್ಲ. ಹವ್ಯಕ ಮನೆಯಲ್ಲಿ ಹವ್ಯಕ, ತುಳುವರಲ್ಲಿ ತುಳು, ಕರಾಡರಲ್ಲಿ ಅವರ ಮರಾಠಿ, ಹೇಗೆ ಬರುತ್ತದೋ ಹಾಗೆ ಮಾತಾಡಲಿ. "ಶುದ್ಧ ಕನ್ನಡದಲ್ಲಿ ಹೇಳಿ" ಎಂದ ಕೂಡಲೇ ಕಥೆ ಭಾಷಣವಾಗುತ್ತದೆ. ಫೋನಿನ ಕನ್ನಡ ಧ್ವನಿ ಬರಹವನ್ನು ನಂಬಿ ತುಳು, ಹವ್ಯಕ ಮಾತನ್ನು ಅಕ್ಷರಕ್ಕಿಳಿಸಲು ಹೋಗಬೇಡಿ. ಸಾಲಿಗೆ ಮೂರು ತಪ್ಪು ತಿದ್ದುವುದಕ್ಕಿಂತ ಕೇಳಿ ಕೈಯಲ್ಲಿ ಬರೆಯುವುದೇ ಬೇಗ.

ಲೈಡ್ 300: ಬಲ, ಮಿತಿ

ಇದರ ದೊಡ್ಡ ಅನುಕೂಲ ವಿದ್ಯುತ್ತಿನದು. ಗೋಡೆಗೆ ಚುಚ್ಚುವ ಅಡಾಪ್ಟರ್ ಇಲ್ಲ. ಒಂದೇ ಯುಎಸ್‌ಬಿ ತಂತಿಯಲ್ಲಿ ಶಕ್ತಿಯೂ ಮಾಹಿತಿಯೂ ಹರಿಯುತ್ತವೆ. ಮಳೆಗಾಲದಲ್ಲಿ ತೋಟದ ನಡುವಿನ ಮನೆಗೆ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಸ್ಕ್ಯಾನರೂ ನಡೆಯುತ್ತದೆ. ತೂಕ ಎರಡು ಕಿಲೋಗಿಂತ ಕಡಿಮೆ, ಚೀಲದಲ್ಲಿ ಹಾಕಿ ನೆಂಟರ ಮನೆಗೆ ಒಯ್ಯಬಹುದು. ವಿಂಡೋಸ್, ಮ್ಯಾಕ್ ಎರಡಕ್ಕೂ ಕ್ಯಾನನ್‌ನ ತಂತ್ರಾಂಶವಿದೆ. ಕೇರಳದ ಶಾಲೆಗಳಲ್ಲಿ ಲಿನಕ್ಸ್ ಕಲಿತ ಮಕ್ಕಳು ಮನೆಯಲ್ಲಿದ್ದರೆ ಅದರಲ್ಲೂ ನಡೆಸಬಲ್ಲರು.

ಪೆಟ್ಟಿಗೆಯ ಮೇಲೆ 2400 ಡಿಪಿಐ (ಒಂದು ಇಂಚಿಗೆ ಅಷ್ಟು ಚುಕ್ಕೆ) ಎಂದು ಬರೆದಿದೆಯೆಂದು ಅಷ್ಟರಲ್ಲೇ ಸ್ಕ್ಯಾನ್ ಮಾಡಲು ಹೋಗಬೇಡಿ. 4×6 ಇಂಚಿನ ಪಟವನ್ನು 600 ಡಿಪಿಐಯಲ್ಲಿ ಓದಿಸಿದರೆ 2,400×3,600 ಚುಕ್ಕೆ, ಅಂದರೆ 86 ಲಕ್ಷ ಚುಕ್ಕೆಗಳು ಸಿಗುತ್ತವೆ. ಗಾತ್ರ ಕುಗ್ಗಿಸದೆ ಪೂರ್ತಿ ವಿವರ ಉಳಿಸುವ ಟಿಫ್ ಬಗೆಯ ಕಡತ ಸುಮಾರು 26 ಎಂಬಿ. ಅದೇ ಪಟ 2400 ಡಿಪಿಐಯಲ್ಲಿ 400 ಎಂಬಿ ದಾಟುತ್ತದೆ, ಹೊಸದಾಗಿ ಕಾಣುವುದು ಕಾಗದದ ನಾರು ಮತ್ತು ಧೂಳು ಮಾತ್ರ. ದೊಡ್ಡದು ಮಾಡಿಸಿದ ಪ್ರಿಂಟಿನಲ್ಲಿ 600ಕ್ಕಿಂತ ಹೆಚ್ಚಿನ ವಿವರ ಇರುವುದು ಅಪರೂಪ.

ಇದಕ್ಕೆ ಹೊರತಾದದ್ದು ಕಾಂಟ್ಯಾಕ್ಟ್ ಪ್ರಿಂಟ್. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಕ್ಯಾಮೆರಾ 120 ಎಂಬ ಅಗಲ ಸುರುಳಿ ಫಿಲ್ಮಿನಲ್ಲಿ 6×6 ಸೆಂಟಿಮೀಟರಿನ 12 ಚೌಕ ಪಟ ತೆಗೆಯುತ್ತಿತ್ತು. ಹಣ ಉಳಿಸಲು ನೆಗೆಟಿವನ್ನು ನೇರ ಕಾಗದದ ಮೇಲಿಟ್ಟು ಅದೇ ಅಳತೆಗೆ ಪ್ರಿಂಟ್ ಹಾಕಿಸುವ ರೂಢಿಯಿತ್ತು. ಹೀಗೆ ಬಂದ ಅಂಗೈಗಿಂತ ಚಿಕ್ಕ ಪಟದಲ್ಲಿ ವಿವರ ಇಡುಕಿರಿದಿರುತ್ತದೆ. ಇಂಥದನ್ನು 1200 ಡಿಪಿಐಯಲ್ಲಿ ತೆಗೆಯಿರಿ: 6 ಸೆಂಟಿಮೀಟರಿಗೆ ಸುಮಾರು 2,800 ಚುಕ್ಕೆ. ಬಾಗಿಲ ಮೇಲಿನ ಮನೆಹೆಸರು, ಕಿವಿಯ ಓಲೆಯ ಆಕಾರ, ಗೋಡೆಯ ಕ್ಯಾಲೆಂಡರಿನ ತಿಂಗಳು ಕಾಣಿಸಿಕೊಳ್ಳುವುದು ಆಗ. ಪಾಸ್‌ಪೋರ್ಟ್ ಅಳತೆಯ ಪಟಕ್ಕೂ 1200.

ಕಪ್ಪುಬಿಳುಪು ಪಟವನ್ನೂ ಬಣ್ಣದ ಕ್ರಮದಲ್ಲೇ ಸ್ಕ್ಯಾನ್ ಮಾಡಿ. ಹಳದಿ ಕಲೆ, ನೀಲಿ ಶಾಯಿ, ಸ್ಟುಡಿಯೋದವರು ಕೆನ್ನೆಗೆ ಹಚ್ಚಿದ ತಿಳಿಬಣ್ಣ ಇವೆಲ್ಲ ಬೂದು ಕ್ರಮದಲ್ಲಿ ಒಂದಾಗಿಬಿಡುತ್ತವೆ. ಬಣ್ಣದ ಕಡತದಲ್ಲಿ ಕಲೆಯನ್ನು ಬೇರ್ಪಡಿಸಿ ತೆಗೆಯುವುದು ಸುಲಭ. 1970–80ರ ದಶಕದ ಬಣ್ಣದ ಪ್ರಿಂಟುಗಳು ಇಡೀ ಕೆಂಪಾಗಿರುವುದಕ್ಕೆ ಕಾರಣ, ಕತ್ತಲಲ್ಲಿಟ್ಟರೂ ಅವುಗಳ ಹಸಿರುನೀಲಿ ಬಣ್ಣದ ಪದರ ಮೊದಲು ಮಾಸುತ್ತದೆ. ಕ್ಯಾನನ್ ತಂತ್ರಾಂಶದಲ್ಲಿ ಮಾಸಿದ ಬಣ್ಣ ತಿದ್ದುವ ಆಯ್ಕೆಯಿದೆ. ಕೆಲಸ ತಕ್ಕಮಟ್ಟಿಗೆ ಮಾಡುತ್ತದೆ. ಆದರೆ ಮೊದಲ ಸ್ಕ್ಯಾನ್ ಯಾವ ತಿದ್ದುಪಡಿಯೂ ಇಲ್ಲದೆ ಟಿಫ್ ಆಗಿ ಉಳಿಯಲಿ. ತಿದ್ದಿದ್ದು ಬೇರೆ ಜೆಪೆಗ್ ಪ್ರತಿಯಾಗಲಿ.

ಒಂದೇ ಸಲ ಹಲವು ಪಟ ಗಾಜಿನ ಮೇಲಿಟ್ಟರೆ ತಂತ್ರಾಂಶವೇ ಬೇರೆ ಬೇರೆ ಕಡತ ಮಾಡುತ್ತದೆ. ಅಂಚಿನಿಂದಲೂ ಒಂದರಿಂದೊಂದಕ್ಕೂ 1 ಸೆಂಟಿಮೀಟರ್ ಜಾಗ ಬಿಡಬೇಕು. ಹತ್ತು ಡಿಗ್ರಿಯ ಒಳಗಿನ ಓರೆಯನ್ನು ತಾನೇ ನೇರಮಾಡುತ್ತದೆ. ಆದರೆ ಬಿಳಿ ಅಂಚಿನ ಹಳೆಯ ಪ್ರಿಂಟುಗಳಲ್ಲಿ ಇದು ಎಡವುತ್ತದೆ. ಮುಚ್ಚಳದ ಒಳಭಾಗವೂ ಬಿಳಿ, ಪಟದ ಅಂಚೂ ಬಿಳಿ, ಗಡಿ ಎಲ್ಲಿ ಎಂದು ತಿಳಿಯದೆ ಅಂಚನ್ನು ಕತ್ತರಿಸುತ್ತದೆ. ಪಟಗಳ ಹಿಂದೆ ಕಪ್ಪು ಚಾರ್ಟ್ ಕಾಗದ ಇಟ್ಟು ಮುಚ್ಚಳ ಹಾಕಿ, ಇಲ್ಲವೇ ಕೈಯಿಂದ ಗಡಿ ಗುರುತಿಸಿ. ಕಪ್ಪು ಕಾಗದದಿಂದ ಇನ್ನೊಂದು ಲಾಭ: ತೆಳು ಕಾಗದದ ಹಿಂಬದಿಯ ಬರಹ ಮುಂದಕ್ಕೆ ಮೂಡುವುದಿಲ್ಲ.

ಈಗ ಮಿತಿ. ಲೈಡ್‌ನಲ್ಲಿರುವುದು ಸಿಐಎಸ್ ಬಗೆಯ ಸಂವೇದಕ. ಗಾಜಿಗೆ ಅಂಟಿ ಕುಳಿತದ್ದನ್ನು ಮಾತ್ರ ಸ್ಪಷ್ಟವಾಗಿ ಓದುತ್ತದೆ; ಕೆಲವೇ ಮಿಲಿಮೀಟರ್ ಮೇಲೆದ್ದರೂ ಮಸುಕಾಗುತ್ತದೆ. ನಮ್ಮ ಕಡೆಯ ಪಟಗಳ ಮುಖ್ಯ ತೊಂದರೆಯೇ ಇದು: ತೇವ ಹೀರಿ ಒಣಗಿ ಬಾಳೆಲೆಯಂತೆ ಸುರುಳಿ ಸುತ್ತಿಕೊಂಡಿರುತ್ತವೆ. ಅದನ್ನು ಒತ್ತಿ ಚಪ್ಪಟೆ ಮಾಡಲು ಹೋದರೆ ಚಿತ್ರವನ್ನು ಹಿಡಿದಿರುವ ಮೇಲಿನ ಜೆಲಟಿನ್ ಪದರ ಬಿರಿಯುತ್ತದೆ. ಸ್ವಲ್ಪ ಮಡಚಿದ್ದಾದರೆ, ಎರಡು ಸ್ವಚ್ಛ ಬಿಳಿ ಕಾಗದಗಳ ನಡುವೆ ಇಟ್ಟು ದಪ್ಪ ಪುಸ್ತಕಗಳ ಅಡಿ ಒಂದು ವಾರ ಬಿಡಿ. ಗಟ್ಟಿ ಸುರುಳಿಯಾದದ್ದನ್ನು ಬಿಡಿಸಲೇ ಹೋಗಬೇಡಿ.

ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಪಟಕ್ಕೂ ಲೈಡ್ ಆಗದು. ಚಾವಡಿಯಲ್ಲಿ ಹಿರಿಯರ ಪಟ ತೂಗುಹಾಕಿರುವ ಮನೆಗಳಲ್ಲಿ ಇಂಥವು ಸಾಮಾನ್ಯ. ಮಳೆಗಾಲದ ತೇವಕ್ಕೆ ಜೆಲಟಿನ್ ಮೆತ್ತಗಾಗಿ ಗಾಜನ್ನು ಹಿಡಿದುಕೊಳ್ಳುತ್ತದೆ. ಎಳೆದರೆ ಮುಖವೇ ಗಾಜಿನಲ್ಲಿ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನರಿನ ಮೇಲಿಟ್ಟರೆ, ಆ 2 ಮಿಲಿಮೀಟರ್ ದಪ್ಪವೇ ಸಿಐಎಸ್ ಸಂವೇದಕಕ್ಕೆ ದೂರವಾಗುತ್ತದೆ. ಇದಕ್ಕೆ ಗಾಜಿನಿಂದ ಸ್ವಲ್ಪ ಮೇಲಿರುವುದನ್ನೂ ಸ್ಪಷ್ಟವಾಗಿ ಓದುವ ಸಿಸಿಡಿ ಬಗೆಯ ಸ್ಕ್ಯಾನರ್ ಬೇಕು, ಎಪ್ಸನ್ ಪರ್ಫೆಕ್ಷನ್ ವಿ600 ಅಂಥದು. ಬೆಲೆ ಲೈಡ್‌ನ ಹಲವು ಪಟ್ಟು. ಆದರೆ ಅದು 35 ಎಂಎಂ ನೆಗೆಟಿವ್, ಸ್ಲೈಡ್, 120 ಫಿಲ್ಮ್ ಎಲ್ಲವನ್ನೂ ಓದುತ್ತದೆ. ಧೂಳು, ಗೀರು ತೆಗೆಯುವ ಅದರ ಡಿಜಿಟಲ್ ಐಸ್ ಸೌಲಭ್ಯ ಬಣ್ಣದ ಫಿಲ್ಮಿಗೆ ಚೆನ್ನಾಗಿದೆ, ಬೆಳ್ಳಿಯಿರುವ ಕಪ್ಪುಬಿಳುಪು ಫಿಲ್ಮಿಗೆ ಕೆಲಸ ಮಾಡುವುದಿಲ್ಲ. ನೆಗೆಟಿವುಗಳ ದೊಡ್ಡ ಕಟ್ಟೇ ಉಳಿದಿರುವ ಮನೆ, ಅಥವಾ ನಾಲ್ಕೈದು ಮನೆಗಳು ಸೇರಿ ಕೊಳ್ಳುವುದಾದರೆ, ವಿ600 ಯೋಗ್ಯ. ಬರಿಯ ಆಲ್ಬಮ್ಮಿಗೆ ಅಷ್ಟು ಹಣ ಹಾಕುವ ಅಗತ್ಯವಿಲ್ಲ.

ರೇಷ್ಮೆಯಂತೆ ಸಣ್ಣ ಸಣ್ಣ ಗುಳಿಗಳಿರುವ ಕಾಗದದ ಪ್ರಿಂಟುಗಳು, ಮುಖ್ಯವಾಗಿ 1970–80ರ ದಶಕದ ಮದುವೆ ಪಟಗಳು, ಸ್ಕ್ಯಾನರಿನಲ್ಲಿ ಬಿಳಿ ಚುಕ್ಕೆಗಳ ಜಾಲವಾಗಿ ಕಾಣುತ್ತವೆ. ದೀಪ ಒಂದೇ ಕಡೆಯಿಂದ ಬೀಳುವುದರಿಂದ ಗುಳಿಗಳ ಅಂಚು ಮಿನುಗುತ್ತದೆ. ಒಮ್ಮೆ ನೇರವಾಗಿ, ಇನ್ನೊಮ್ಮೆ ಪಟವನ್ನು ತಲೆಕೆಳಗಾಗಿ ತಿರುಗಿಸಿ ಸ್ಕ್ಯಾನ್ ಮಾಡಿ. ಎರಡನೆಯದನ್ನು ಕಂಪ್ಯೂಟರಿನಲ್ಲಿ ಮರಳಿ ತಿರುಗಿಸಿ, ಗಿಂಪ್‌ನಂತಹ ಉಚಿತ ತಂತ್ರಾಂಶದಲ್ಲಿ ಒಂದರ ಮೇಲೊಂದು ಹೊಂದಿಸಿ, ಮೇಲಿನದಕ್ಕೆ ಅರ್ಧ ಪಾರದರ್ಶಕತೆ ಕೊಡಿ. ಜಾಲ ಬಹುಪಾಲು ಕರಗುತ್ತದೆ. ಎಲ್ಲ ಪಟಕ್ಕೂ ಇಷ್ಟು ಶ್ರಮ ಬೇಡ, ಮುಖ್ಯವಾದ ನಾಲ್ಕಾರಕ್ಕೆ ಸಾಕು.

ಹಿಂಬದಿಯನ್ನು ಬಿಡಬೇಡಿ

ಪ್ರತಿ ಪಟದ ಹಿಂಬದಿಯನ್ನೂ 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ. ಸ್ಟುಡಿಯೋಗಳಲ್ಲಿ ಕೊಟ್ಟು ಮಾಡಿಸಿದರೆ ಇದನ್ನು ಕೇಳಿದ ಹೊರತು ಮಾಡುವುದಿಲ್ಲ, ಹಾಗಾಗಿ ಮೊದಲೇ ಹೇಳಿ ಬರೆಸಿಕೊಳ್ಳಿ. ಕಾಸರಗೋಡಿನ ಪಟಗಳಿಗೆ ಹಿಂಬದಿ ಅಂದರೆ ಕಾಲಗಣನೆ. ಕಾಸರಗೋಡಿನ ಸ್ಟುಡಿಯೋ ಮೊಹರಿನಲ್ಲಿ ವಿಳಾಸ ದಕ್ಷಿಣ ಕನ್ನಡ ಜಿಲ್ಲೆ ಎಂದಿದ್ದರೆ ಆ ಮೊಹರು ಮಾಡಿಸಿದ್ದು 1956ರ ನವೆಂಬರ್ 1ಕ್ಕೆ ಹಿಂದೆ. ಅಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1957ರ ಜನವರಿ 1ಕ್ಕೆ ಕಣ್ಣೂರು ಜಿಲ್ಲೆ ಆಯಿತು, ಕಾಸರಗೋಡು ಅದರ ಭಾಗವಾಯಿತು. ಕಾಸರಗೋಡು ಜಿಲ್ಲೆ ಹುಟ್ಟಿದ್ದು 1984ರ ಮೇ 24ರಂದು. ಹೀಗಾಗಿ ಮೊಹರಿನ ಜಿಲ್ಲೆಯ ಹೆಸರೊಂದರಿಂದಲೇ ಪಟವನ್ನು ಮೂರು ಕಾಲಗಳಲ್ಲಿ ಒಂದಕ್ಕೆ ಸೇರಿಸಬಹುದು. ಹಳೆಯ ಮೊಹರನ್ನೇ ಕೆಲವು ವರ್ಷ ಮುಂದುವರಿಸಿರಬಹುದು ಎಂಬುದನ್ನು ಮರೆಯದೆ ಎರಡು ಮೂರು ವರ್ಷ ಆಚೀಚೆ ಇಟ್ಟುಕೊಳ್ಳಿ.

ಇನ್ನೂ ಸುಳಿವುಗಳಿವೆ. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ, 671ರಿಂದ ಶುರುವಾಗುವ ಸಂಖ್ಯೆ ಇದ್ದರೆ ಅದಕ್ಕಿಂತ ಈಚಿನದು. ಕಾಗದದ ಹಿಂದೆ ಇಂದು ಎಂಬ ಹೆಸರಿದ್ದರೆ ಅದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯದು; ಅಲ್ಲಿ ಉತ್ಪಾದನೆ ಶುರುವಾದದ್ದು 1967ರಲ್ಲಿ. ಪಟದೊಳಗೆ ವಾಹನ ಇದ್ದು ಸಂಖ್ಯೆ ಫಲಕದಲ್ಲಿ ಕೆಎಲ್ 14 ಎಂದು ಓದಬಹುದಾದರೆ 1989ರ ಮೇಲಿನದು. ಕಾಗದ ಪ್ಲಾಸ್ಟಿಕ್ ಪದರದಂತೆ ನುಣುಪಾಗಿ, ಹರಿದಾಗ ಪದರ ಬಿಡುವಂತಿದ್ದರೆ 1970ರ ದಶಕದ ಈಚೆಯದು ಎಂದು ಧೈರ್ಯವಾಗಿ ಹೇಳಬಹುದು.

ಹೀಗೆ ಸಿಕ್ಕ ವರ್ಷವನ್ನು ಹಿರಿಯರ ಮುಂದೆ ತೀರ್ಪಿನಂತೆ ಇಡಬೇಡಿ. "ಇದು ಪ್ರಾಂತ ಬದಲಾಗುವ ಮೊದಲಿನದಾ, ಆಮೇಲಿನದಾ?" ಎಂದು ಕೇಳಿ. ಗಡಿ ಬದಲಾದ ದಿನಗಳನ್ನು ಕಂಡವರಿಗೆ ಆ ಒಂದು ಪ್ರಶ್ನೆ ಸಾಕು. ಶಾಲೆಯ ಮೇಷ್ಟ್ರು, ಹರತಾಳ, ಮಂಗಳೂರಿಗೆ ಹೋಗುವ ಬಸ್ಸು ಎಲ್ಲವೂ ಬರುತ್ತವೆ.

ಹಿಂಬದಿಯಲ್ಲಿ ಹೊಸದಾಗಿ ಬರೆಯುವುದಾದರೆ ಬಾಲ್ ಪೆನ್ ಬೇಡ. ಗುರುತು ಮುಂದಕ್ಕೆ ಉಬ್ಬುತ್ತದೆ, ಶಾಯಿ ಎದುರು ಪಟಕ್ಕೆ ಹತ್ತುತ್ತದೆ. ಹಳೆಯ ನಾರಿನ ಕಾಗದಕ್ಕೆ ಮೆತ್ತನೆಯ 2ಬಿ ಪೆನ್ಸಿಲ್, ಅದೂ ಅಂಚಿನಲ್ಲಿ, ಒತ್ತದೆ. ಪ್ಲಾಸ್ಟಿಕ್ ಪದರದ ಕಾಗದಕ್ಕೆ ಪೆನ್ಸಿಲ್ ಹಿಡಿಯದು. ಅದನ್ನು ಕಾಗದದ ಲಕೋಟೆಗೆ ಹಾಕಿ, ಹಾಕುವ ಮೊದಲೇ ಲಕೋಟೆಯ ಮೇಲೆ ಬರೆಯಿರಿ.

ಫೋಟೋಸ್ಕ್ಯಾನ್ ಎಲ್ಲಿ ಗೆಲ್ಲುತ್ತದೆ

ಆ್ಯಪ್ ಒಂದು ಪಟವನ್ನು ಐದು ಸಲ ನೋಡುತ್ತದೆ. ಮೊದಲು ಪೂರ್ತಿ ಪಟ, ಆಮೇಲೆ ತೆರೆಯ ಮೇಲೆ ಮೂಡುವ ನಾಲ್ಕು ಬಿಳಿ ಚುಕ್ಕೆಗಳ ಮೇಲೆ ಒಂದೊಂದಾಗಿ ಫೋನನ್ನು ಸರಿಸಬೇಕು. ಪ್ರತಿ ಸಲ ಹೊಳಪು ಬೇರೆ ಬೇರೆ ಜಾಗದಲ್ಲಿ ಬೀಳುವುದರಿಂದ, ಹೊಳಪಿಲ್ಲದ ತುಂಡುಗಳನ್ನು ಜೋಡಿಸಿ ಒಂದು ಪಟ ಮಾಡುತ್ತದೆ. ಗಾಜಿನ ಚೌಕಟ್ಟಿಗೆ, ಪ್ಲಾಸ್ಟಿಕ್ ಹಾಳೆಯೊಳಗಿಂದ ತೆಗೆಯಲಾಗದ ಪಟಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಫೋನನ್ನು ಓರೆ ಮಾಡದೆ, ಪಟಕ್ಕೆ ಸಮಾನಾಂತರವಾಗಿಟ್ಟು ಸರಿಸಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಮಣಿಕಟ್ಟು ತಿರುಗಿಸಿದರೆ ಜೋಡಣೆ ಕೆಟ್ಟು ಮೂಗು ಎರಡಾಗುತ್ತದೆ, ಸೀರೆಯ ಅಂಚು ಮುರಿಯುತ್ತದೆ. ಸುರುಳಿಯಾದ ಪಟಕ್ಕೂ ಇದೇ ತೊಂದರೆ. ಪಟವನ್ನು ಮಸುಕು ಬಣ್ಣದ, ಹೊಳಪಿಲ್ಲದ ಬಟ್ಟೆಯ ಮೇಲಿಡಿ; ಅಂಚು ತಾನಾಗಿ ಹಿಡಿಯುತ್ತದೆ. ಕೆಂಪು ಸಿಮೆಂಟ್ ನೆಲದ ಮೇಲಿಡಬೇಡಿ, ಅದರ ಬಣ್ಣ ಬಿಳಿ ಅಂಚಿಗೆ ತಾಗುತ್ತದೆ.

ವಿವರದ ವಿಷಯದಲ್ಲಿ ಲೈಡ್‌ಗೆ ಇದು ಸಮನಲ್ಲ. ಗುಂಪಿನ ಪಟದ ಹಿಂದಿನ ಸಾಲಿನ ಮುಖಗಳನ್ನು ದೊಡ್ಡದು ಮಾಡಿದಾಗ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಚೌಕಟ್ಟಿನ ಒಂದೇ ಪಟ ಬಹಳ ಮುಖ್ಯದ್ದಾದರೆ ಆ್ಯಪ್ ಬಿಟ್ಟು ಫೋನಿನ ಮಾಮೂಲು ಕ್ಯಾಮೆರಾವನ್ನೇ ಸ್ಟ್ಯಾಂಡಿಗೆ ಹಾಕಿ, ಫ್ಲ್ಯಾಷ್ ಆರಿಸಿ, ಪಕ್ಕದ ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ಫೋನಿನ ಹಿಂದೆ ಕಪ್ಪು ಬಟ್ಟೆ ಹಿಡಿದು, ಮಸೂರಕ್ಕೆ ಮಾತ್ರ ತೂತು ಬಿಟ್ಟರೆ ನಿಮ್ಮ ನೆರಳೂ ಫೋನಿನ ಪ್ರತಿಬಿಂಬವೂ ಗಾಜಿನಲ್ಲಿ ಬರುವುದಿಲ್ಲ.

ಮುಖವನ್ನು ಸ್ಪಷ್ಟ ಮಾಡಿಕೊಡುತ್ತೇವೆ ಎನ್ನುವ ಎಐ ಆ್ಯಪ್‌ಗಳನ್ನು ಈ ಕೆಲಸಕ್ಕೆ ಬಳಸಬೇಡಿ. ಮಸುಕಾದ ಜಾಗದಲ್ಲಿ ಇಲ್ಲದ ಕಣ್ಣು, ಇಲ್ಲದ ಹಲ್ಲು, ಇಲ್ಲದ ಚರ್ಮವನ್ನು ಅವು ಊಹಿಸಿ ತುಂಬುತ್ತವೆ. ನೋಡಲು ಚೆಂದ, ಆದರೆ ಅದು ಅಜ್ಜನ ಮುಖವಲ್ಲ. ಅಂಥದನ್ನು ಹಿರಿಯರ ಕೈಗೆ ಕೊಟ್ಟರೆ ಗುರುತು ಹಿಡಿಯಲಾಗದೆ ತಡವರಿಸುತ್ತಾರೆ, ನೆನಪಿನ ಎಳೆ ಅಲ್ಲಿಗೇ ಕಡಿಯುತ್ತದೆ.

ಹಾಳಾಗುವುದು ಎಲ್ಲಿ

ಹೊರಗೋಡೆಗೆ ಒರಗಿಸಿದ ಸ್ಟೀಲ್ ಕಪಾಟು ಮೊದಲ ಶತ್ರು. ಮುರಕಲ್ಲಿನ ಗೋಡೆ ಮಳೆಗಾಲದಲ್ಲಿ ತೇವ ಹಿಡಿದಿರುತ್ತದೆ, ಕಪಾಟಿನೊಳಗೆ ಗಾಳಿಯಾಡುವುದಿಲ್ಲ. ಅಟ್ಟದಲ್ಲಿಟ್ಟದ್ದಕ್ಕೆ ಒಲೆಯ ಹೊಗೆಯ ಮಸಿ, ಒರಲೆಯ ಕಾಟ. ಮಸಿ ಇದ್ದರೆ ಬಟ್ಟೆಯಲ್ಲಿ ಉಜ್ಜಬೇಡಿ; ಗಾಳಿ ಊದುವ ರಬ್ಬರ್ ಬುಗ್ಗೆ, ಆಮೇಲೆ ಮೆತ್ತನೆಯ ಒಣ ಕುಂಚ. ಬೂಷ್ಟು ಹಿಡಿದ ಪಟಕ್ಕೆ ನೀರು ತಾಗಿಸಲೇಬಾರದು: ಬೂಷ್ಟು ಜೆಲಟಿನ್ನನ್ನು ಒಡೆದಿರುತ್ತದೆ, ಒದ್ದೆ ಬಟ್ಟೆ ತಾಗಿದರೆ ಚಿತ್ರವೇ ಕರಗಿ ಬರುತ್ತದೆ. ಒಣ ಕೋಣೆಯಲ್ಲಿ ಕೆಲವು ದಿನ ಬಿಚ್ಚಿಟ್ಟು, ಬೂಷ್ಟು ಪುಡಿಯಾದ ಮೇಲೆ ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಕುಂಚದಲ್ಲಿ ಬಿಡಿಸಬೇಕು.

ಅಂಟು ಹಾಳೆಯ ಆಲ್ಬಮ್ಮಿನಿಂದ ಪಟ ಬಿಡಿಸಲು ಹಲ್ಲು ಶುಚಿ ಮಾಡುವ ದಂತದಾರ ಬಳಸಿ. ಒಂದು ಮೂಲೆಯಿಂದ ಪಟದ ಅಡಿಗೆ ದಾರ ತೂರಿಸಿ, ಗರಗಸದಂತೆ ನಿಧಾನ ಆಚೀಚೆ ಎಳೆಯುತ್ತ ಸಾಗಬೇಕು. ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್ ಬೇಡ. ಬಾರದಿದ್ದರೆ ಪುಟ ಸಮೇತ ಸ್ಕ್ಯಾನ್ ಮಾಡಿ ಬಿಡಿ.

ಸ್ಕ್ಯಾನ್ ಮುಗಿದ ಪಟಗಳನ್ನು ಕಾಗದದ ಲಕೋಟೆಯಲ್ಲಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದೊಳಗೆ ಇಡಿ. 20 ಲೀಟರಿನ ಡಬ್ಬಕ್ಕೆ 100 ಗ್ರಾಂ ಸಿಲಿಕಾ ಜೆಲ್, ಜತೆಗೆ ತೇವಾಂಶ ತೋರಿಸುವ ಸಣ್ಣ ಮೀಟರ್. ಶೇಕಡಾ 40ರಿಂದ 50ರ ನಡುವೆ ಇರಲಿ. 65 ದಾಟಿದರೆ ಬೂಷ್ಟಿಗೆ ದಾರಿ, 30ಕ್ಕಿಂತ ಇಳಿದರೆ ಪಟ ಬಿರುಸಾಗಿ ಸುರುಳುತ್ತದೆ. ಒಣಗಿದ್ದಾಗ ಕಿತ್ತಳೆ, ತೇವ ಹೀರಿದಾಗ ಹಸಿರಾಗುವ ಜೆಲ್ ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ.

ಕಡತದ ಹೆಸರು, ಹಂಚಿಕೆ

ಕಡತಕ್ಕೆ "ಅಜ್ಜಿ" ಎಂದು ಹೆಸರಿಟ್ಟರೆ ಮುಂದಿನ ತಲೆಮಾರಿಗೆ ಅದು ಯಾರ ಅಜ್ಜಿಯೋ. ವರ್ಷ, ಮನೆಹೆಸರು, ಸಂದರ್ಭ, ಸಂಖ್ಯೆ ಈ ನಾಲ್ಕನ್ನು ಇದೇ ಕ್ರಮದಲ್ಲಿ ಇಡಿ. ಧ್ವನಿ ಕಡತಕ್ಕೂ ಅದೇ ಸಂಖ್ಯೆ. ವರ್ಷ ಖಚಿತವಿಲ್ಲದಿದ್ದರೆ ದಶಕ ಹಾಕಿ. ವಿವರವಾದ ಟಿಪ್ಪಣಿಯನ್ನು ಉಚಿತ ತಂತ್ರಾಂಶ ಡಿಜಿಕ್ಯಾಮ್ ಮೂಲಕ ಕಡತದೊಳಗೇ ಕನ್ನಡದಲ್ಲಿ ಬರೆಯಬಹುದು. ಊರಿನ ಹೆಸರು ಈಗ ನಕಾಶೆಯಲ್ಲಿ ಬೇರೆ ಇದ್ದರೆ, ಹೊಸದುರ್ಗ ಮತ್ತು ಕಾಞಂಗಾಡ್‌ನಂತೆ, ಎರಡನ್ನೂ ಹಾಕಿ. ಹುಡುಕುವವರು ಯಾವುದರಿಂದ ಹುಡುಕುತ್ತಾರೋ ತಿಳಿಯದು.

ವಾಟ್ಸ್ಆ್ಯಪ್‌ನಲ್ಲಿ ಪಟವಾಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಒಳಗೆ ಬರೆದ ಟಿಪ್ಪಣಿಯೂ ಅಳಿಯುತ್ತದೆ. ಡಾಕ್ಯುಮೆಂಟ್ ಆಯ್ಕೆಯಲ್ಲಿ ಕಳಿಸಿ. ಐನೂರು ಪಟಗಳ ಟಿಫ್ ಕಡತಗಳೇ ಸುಮಾರು 13 ಜಿಬಿ ಆಗುತ್ತವೆ, ಗೂಗಲ್‌ನ ಉಚಿತ 15 ಜಿಬಿ ಬಹುಪಾಲು ಅಲ್ಲಿಗೇ ತುಂಬುತ್ತದೆ. ಟಿಫ್ ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಹೊರ ಡಿಸ್ಕಿನಲ್ಲಿ, ಇನ್ನೊಂದು ಡಿಸ್ಕ್ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನೆಂಟರಲ್ಲಿ. ಜೆಪೆಗ್ ಪ್ರತಿಗಳು ಮಾತ್ರ ಆನ್‌ಲೈನಿನಲ್ಲಿ.

ಲೈಡ್ 400ಕ್ಕೆ ಹೆಚ್ಚು ಹಣ ಕೊಡಬೇಕೇ ಎಂದು ಕೇಳುವವರಿದ್ದಾರೆ. ಅದರಲ್ಲಿ 4800 ಡಿಪಿಐ, ಟೈಪ್ ಸಿ ತಂತಿ, ನಿಲ್ಲಿಸಿ ಬಳಸಲು ಒಂದು ಕಾಲು ಇವೆ. ಮೇಜಿನ ಮೇಲೆ ಜಾಗ ಇಲ್ಲದಿದ್ದರೆ ಕಾಲು ಉಪಯೋಗಕ್ಕೆ ಬರುತ್ತದೆ. ಡಿಪಿಐ ಪ್ರಿಂಟುಗಳಿಗೆ ಏನೂ ಸೇರಿಸದು. ಉಳಿದ ಹಣದಲ್ಲಿ ಕಾಲರ್ ಮೈಕ್ ಕೊಳ್ಳಿ.

ಕೆಲಸವನ್ನು ಎರಡು ಋತುಗಳಿಗೆ ಹಂಚಿಕೊಳ್ಳುವುದು ಇಲ್ಲಿನ ಹವೆಗೆ ಸರಿ. ತೋಟದ ಕೆಲಸ ಕಡಿಮೆ ಇರುವ ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟಿನ ಮಳೆಯ ದಿನಗಳಲ್ಲಿ, ಹಿರಿಯರಿಗೂ ಬಿಡುವು, ಮಕ್ಕಳಿಗೂ ಕೂರಲು ಮನಸ್ಸು. ಮಾತಿನ ಭಾಗ ಆಗ ಆಗಲಿ. ಮಳೆ ಜೋರಾಗಿ ಶೀಟಿನ ಮಾಡಿನ ಮೇಲೆ ಸುರಿಯತೊಡಗಿದರೆ ರೆಕಾರ್ಡಿಂಗ್ ನಿಲ್ಲಿಸಿ. ಆ ಸದ್ದನ್ನು ಆಮೇಲೆ ಪೂರ್ತಿ ತೆಗೆಯಲಾಗದು. ಸ್ಕ್ಯಾನ್ ಮಾತ್ರ ಡಿಸೆಂಬರಿನಿಂದ ಮಾರ್ಚಿನ ಒಣ ದಿನಗಳಿಗೆ ಇರಲಿ, ಏಕೆಂದರೆ ತೇವದ ದಿನ ನುಣುಪು ಪಟ ಸ್ಕ್ಯಾನರಿನ ಗಾಜಿಗೇ ಅಂಟಬಹುದು. ಮಳೆ ಶುರುವಾಗುವ ಮೊದಲು ಲೈಡನ್ನೂ ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಮುಚ್ಚಿಡಿ. ಗಾಜಿನ ಒಳಬದಿಗೆ ಬೂಷ್ಟು ಹಿಡಿದರೆ ಮನೆಯಲ್ಲಿ ಬಿಚ್ಚಿ ಒರೆಸುವ ಅನುಕೂಲ ಈ ಯಂತ್ರದಲ್ಲಿಲ್ಲ.